ಕೇಸ್ ಏಳರಲ್ಲಿ ಇಲ್ಲದ ಪುಟ

ಫೆಬ್ರವರಿ ೩

ತಮ್ಮಾ,

ನಿನಗೆ ಹೇಳದೆ ಒಂದು ಕೆಲಸ ಮಾಡಿದ್ದೇನೆ. ಕುಡಿತ, ಮಾದಕದ ಚಟಕ್ಕೆ ಬಿದ್ದವರ ಜೊತೆ ಕೆಲಸ ಮಾಡುವ ಕೌನ್ಸೆಲರ್ ತರಬೇತಿಗೆ ಸೇರಿ ಒಂದು ತಿಂಗಳಾಯಿತು. ವಾರಕ್ಕೆ ಮೂರು ದಿನ ಆಸ್ಪತ್ರೆಯ ಡ್ಯೂಟಿ ಮುಗಿಸಿ ಯೂನಿಫಾರಂ ಕೂಡ ಬದಲಿಸದೆ ಅಲ್ಲಿಗೆ ಓಡುತ್ತೇನೆ. ಮೂವತ್ತೊಂಬತ್ತಕ್ಕೆ ಮತ್ತೆ ನೋಟ್‌ಬುಕ್ಕಿಗೆ ರಟ್ಟು ಹಾಕುತ್ತಿದ್ದೇನೆ ಎಂದು ಅಮ್ಮನಿಗೆ ನಗು.

ಹಳೆಯ ಕಟ್ಟಡದ ನೆಲಮಹಡಿ, ದುಂಡಗೆ ಹಾಕಿದ ಹದಿನೆಂಟು ಕುರ್ಚಿ, ಕಟಕಟ ಎನ್ನುವ ಫ್ಯಾನು. ನೀನಿದ್ದಿದ್ದರೆ ಸ್ಟೂಲು ಹತ್ತಿ ಐದು ನಿಮಿಷದಲ್ಲಿ ಅದರ ಬಾಯಿ ಮುಚ್ಚಿಸುತ್ತಿದ್ದೆ. ಪಾಠ ಮಾಡುವವರನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತಾರೆ. ಮೂವತ್ತು ವರ್ಷ ಜೈಲುಗಳಲ್ಲೇ ಕೆಲಸ ಮಾಡಿದವರು. ನನ್ನ ಪಕ್ಕದ ಕುರ್ಚಿ ನಿವೃತ್ತ ಇನ್‌ಸ್ಪೆಕ್ಟರ್ ಒಬ್ಬರದು. ಮೊದಲ ದಿನವೇ ಅವರು, "ಮೇಡಂ, ಇವರ ಹತ್ರ ಮಾತೇನು? ನಾಲ್ಕು ಬಿಟ್ರೆ ತಾವಾಗೇ ದಾರಿಗೆ ಬರ್ತಾರೆ" ಎಂದರು.

"ಎಷ್ಟು ವರ್ಷ ಬಿಟ್ರಿ ಸರ್?"

"ಮೂವತ್ತೆರಡು."

"ಬಂದ್ರಾ?"

ಕೋಣೆಯೆಲ್ಲ ನಕ್ಕಿತು. ಕೊನೆಗೆ ಅವರೂ ನಕ್ಕರು. ಅದೇ ದಿನ ಮೇಡಂ ಬೋರ್ಡಿನ ಮೇಲೆ ಬರೆದ ಸಾಲು: "ಕೋಣೆಯಲ್ಲಿ ಕೇಳಿದ್ದು ಕೋಣೆ ದಾಟಬಾರದು."

ನಮಗೆ ಗೊತ್ತಿರುವ ಒಬ್ಬ ವ್ಯಸನಿಯ ಬದುಕನ್ನು ನಾಲ್ಕು ಪುಟದಲ್ಲಿ ಬರೆಯಲು ಹೇಳಿದ್ದರು. ನನ್ನದು ಮೇಡಂಗೆ ಬಹಳ ಹಿಡಿಸಿತು. ಯಾರದ್ದೋ ಬಿಡು, ನಮ್ಮ ವಾರ್ಡಿನ ಹಳೆಯ ರೋಗಿಯೊಬ್ಬನದು.

ಈಗ ನಿನ್ನ ವಿಷಯ. ಈ ತಿಂಗಳಿಂದ ನಮ್ಮವರಲ್ಲಿ ಒಬ್ಬರು ಗುರುವಾರ ಗುರುವಾರ ನಿಮ್ಮ ಜೈಲಿಗೆ ಬಂದು ಗುಂಪು ಸಭೆ ನಡೆಸುತ್ತಾರೆ. ಸಂಬಂಧಿಕರಿರುವ ಕಡೆ ಹಾಕುವುದಿಲ್ಲವಾದ್ದರಿಂದ ನನ್ನನ್ನು ಹೆಂಗಸರ ಪುನರ್ವಸತಿ ಮನೆಗೆ ಹಾಕಿದ್ದಾರೆ. ನೀನು ಆ ಸಭೆಗೆ ತಪ್ಪದೆ ಹೋಗು. ಜೂನ್‌ನಲ್ಲಿ ನಿನ್ನ ಮುಂಚಿತ ಬಿಡುಗಡೆಯ ಕಡತ ಸಮಿತಿಯ ಮುಂದೆ ಹೋದಾಗ ಹಾಜರಿ ನೋಡುತ್ತಾರೆ. ನೀನು ಬೀಗ ಒಡೆದ ಔಷಧಿ ಕೋಣೆಯ ಮುಂದೆಯೇ ನಾನು ದಿನಾ ಓಡಾಡುತ್ತೇನೆ. ಅಂದು ನೀನು ತಳ್ಳಿದ ವಾಚ್‌ಮನ್ ಈಗ ಕೋಲು ಬಿಟ್ಟು ನಡೆಯುತ್ತಾರೆ. ಸಿಕ್ಕಾಗಲೆಲ್ಲ ನಿನ್ನನ್ನು ಕೇಳುತ್ತಾರೆ.

ನಿನ್ನ ಅಕ್ಕ


ಫೆಬ್ರವರಿ ೨೧

ಅಕ್ಕಾ,

ಪತ್ರ ಸಿಕ್ಕಿತು. ಇಲ್ಲಿ ಬರುವ ಹೋಗುವ ಪತ್ರಗಳನ್ನೆಲ್ಲ ಒಡೆದು ಓದುವ ಗುಮಾಸ್ತರು, "ನಿಮ್ಮಕ್ಕನ ಅಕ್ಷರ ಅಚ್ಚು ಹಾಕಿದ ಹಾಗಿದೆ ಕಣಯ್ಯಾ, ನಿನ್ನದ್ಯಾಕೆ ಹೀಗೆ?" ಎಂದು ಕೇಳಿದರು. ವಯರು ಎಳೆದು ಎಳೆದು ಬೆರಳು ಸೊಟ್ಟಗಾಗಿದೆ ಎಂದೆ. ಅಡುಗೆಮನೆಯ ವೈರಿಂಗ್ ಪೂರ್ತಿ ಹೊಸದಾಗಿ ನಾನೇ ಮಾಡುತ್ತಿದ್ದೇನೆ.

ನೀನು ಹೇಳಿದ್ದಕ್ಕೆ ಸಭೆಗೆ ಹೆಸರು ಕೊಟ್ಟಿದ್ದೇನೆ. ಪಕ್ಕದ ಹಾಸಿಗೆಯ ಮೇಷ್ಟ್ರೂ ಕೊಟ್ಟಿದ್ದಾರೆ. ಇಪ್ಪತ್ತು ವರ್ಷ ಗಣಿತ ಕಲಿಸಿ, ಕುಡಿದ ಅಮಲಿನಲ್ಲಿ ಭಾವಮೈದುನನ ತಲೆ ಒಡೆದು ಬಂದ ಮನುಷ್ಯ; ಇಲ್ಲಿ ನನಗೆ ಅವರೊಬ್ಬರೇ ಹತ್ತಿರ. ನನಗಂತೂ ಸೂಜಿ, ಮಾತ್ರೆ ಮುಟ್ಟದೆ ಎರಡು ವರ್ಷ ಮೂರು ತಿಂಗಳಾಯಿತು. ಈಗ ಯಾರೋ ಬಂದು ಬಾಯಿಬಿಡು ಎನ್ನುತ್ತಾರೆ. ಬಿಡೋಣ, ಆದರೆ ಒಂದು ಬಿಟ್ಟು. ಹೋದ ವರ್ಷ ಭೇಟಿಯ ಕಿಟಕಿಯಲ್ಲಿ ಅಪ್ಪನ ವಿಷಯ ನಿನಗೆ ಹೇಳಿದೆನಲ್ಲ, ಅದನ್ನು ಇನ್ನೊಬ್ಬರ ಮುಂದೆ ಹೇಳುವುದು ನನ್ನಿಂದಾಗದು. ನಿನಗೆ ಹೇಳಿದ ಮೇಲೆ ನಾಲ್ಕು ದಿನ ಊಟ ಸೇರಲಿಲ್ಲ. ಆದರೂ ನಿನ್ನ ಹತ್ತಿರ ಹೇಳಿದ್ದು ಒಳ್ಳೆಯದಾಯಿತು.

ಕೌನ್ಸೆಲರ್ ಆದ ಮೇಲೆ ನನ್ನನ್ನು ಬೈಯುವುದು ನಿಲ್ಲಿಸಬೇಡ, ಅಷ್ಟೇ.

ತಮ್ಮ


ಮಾರ್ಚ್ ೧೪

ಶ್ರೀಮತಿ ಕೌನ್ಸೆಲರ್ ಮೇಡಂ ಅವರಿಗೆ,

ತಮ್ಮ ಬರಹ ಓದಿಸಿಕೊಂಡೆವು. ಇಲ್ಲಿ 'ತಮ್ಮ' ಎಂದರೆ 'ನಿಮ್ಮ' ಎಂದು ಮಾತ್ರ ಅರ್ಥ. ಇನ್ನೊಂದು ಅರ್ಥ ಈ ಗುರುವಾರಕ್ಕೆ ಮುಗಿಯಿತು.

ನಡೆದದ್ದು ಇದು. ಊಟದ ಹಾಲಿನಲ್ಲಿ ಇಪ್ಪತ್ತೆರಡು ಜನ ಕೂತಿದ್ದೆವು. ನಿಮ್ಮ ಸಂಸ್ಥೆಯಿಂದ ಬರುವ ಕನ್ನಡಕದ ಹೆಂಗಸು ಕಾಗದ ತೆಗೆದಳು. "ಇವತ್ತು ಒಬ್ಬರ ಕಥೆ ಓದ್ತೀನಿ, ಆಮೇಲೆ ಎಲ್ಲರೂ ಮಾತಾಡೋಣ. ಇದು ಕೇಸ್ ಏಳು" ಎಂದಳು.

ಕೇಸ್ ಏಳು ಒಬ್ಬ ಎಲೆಕ್ಟ್ರಿಷಿಯನ್. ಏಣಿಯಿಂದ ಬಿದ್ದ. ಬೆನ್ನುಮೂಳೆ ಬಿರುಕು ಬಿಟ್ಟಿತು. ಚಟಕ್ಕೆ ಬಿದ್ದ. ಅಪ್ಪನಿಗೆ ಕ್ಯಾನ್ಸರ್. ಅಪ್ಪನ ನೋವಿನ ಮಾತ್ರೆ ಕದ್ದು ತಾನು ನುಂಗಿ, ಡಬ್ಬಿಗೆ ಅದೇ ಬಣ್ಣದ ಕ್ಯಾಲ್ಸಿಯಂ ಮಾತ್ರೆ ತುಂಬಿದ. ಅಪ್ಪ ಹನ್ನೊಂದು ದಿನ ನರಳಿ ಸತ್ತ. ಬಣ್ಣ ಕೂಡ ಬಿಟ್ಟಿಲ್ಲ ನೀನು, ತಿಳಿ ಹಳದಿ ಎಂದು ಬರೆದಿದ್ದೀಯ! ನಾನು ಕಿಟಕಿಯ ಜಾಲರಿಗೆ ಹಣೆ ಒತ್ತಿ ಹೇಳಿದ ಮಾತು ಮಾತೂ ಅಲ್ಲಿತ್ತು.

ಹೆಸರು ಬದಲಿಸಿದ್ದೀಯ, ದೊಡ್ಡ ಉಪಕಾರ. ಇಡೀ ಜೈಲಿನಲ್ಲಿ ಬೆನ್ನಿಗೆ ಪಟ್ಟಿ ಕಟ್ಟುವ ಎಲೆಕ್ಟ್ರಿಷಿಯನ್ ಎಷ್ಟು ಜನ ಇದ್ದಾರೆ? ಮೇಷ್ಟ್ರು ತಿರುಗಿ ನನ್ನ ಸೊಂಟ ನೋಡಿದರು. ಆಮೇಲೆ ಉಳಿದವರೂ. ನಾನು ಎದ್ದು ಹೋಗಲಿಲ್ಲ. ಎದ್ದರೆ ಒಪ್ಪಿಕೊಂಡ ಹಾಗಾಗುತ್ತದಲ್ಲ, ಕೂತೇ ಇದ್ದೆ. ಕೂತಿದ್ದೂ ಒಪ್ಪಿಕೊಂಡ ಹಾಗೆಯೇ ಆಯಿತು.

ಇಲ್ಲಿ ಕೊಲೆ ಮಾಡಿ ಬಂದವನಿಗೂ ಒಂದು ಮರ್ಯಾದೆ ಇದೆ. ಸಾಯುವ ಅಪ್ಪನ ಮಾತ್ರೆ ನುಂಗಿದವನಿಗೆ ಇಲ್ಲ. ಮಾರನೆಯ ದಿನ ಯಾರೋ ನನ್ನ ತಟ್ಟೆಗೆ ಸೀಮೆಸುಣ್ಣದ ಚೂರು ಹಾಕಿ, "ತಗೋಳಪ್ಪ, ಹಳದಿ ಸಿಗಲಿಲ್ಲ" ಎಂದರು. ಮೇಷ್ಟ್ರು ಹಾಸಿಗೆ ಸುತ್ತಿಕೊಂಡು ಆಚೆ ಗೋಡೆಗೆ ಹೋದರು. ನಾನು ಇನ್ನು ಸಭೆಗೆ ಹೋಗುವುದಿಲ್ಲ.

ನಿಮ್ಮ ವಾರ್ಡಿನ ಹಳೆಯ ರೋಗಿಯಂತೆ! ಕೋಣೆಯಲ್ಲಿ ಕೇಳಿದ್ದು ಕೋಣೆ ದಾಟಬಾರದಂತೆ! ಎಷ್ಟು ಅಂಕ ಕೊಟ್ಟರು, ಮೇಡಂ?

ಕೇಸ್ ಏಳು


ಮಾರ್ಚ್ ೨೨

ತಮ್ಮಾ,

ನಿನ್ನ ಕೋಪ ನನಗೆ ಅರ್ಥವಾಗುತ್ತದೆ. ಚೇತರಿಕೆಯ ಹಾದಿಯಲ್ಲಿ ಕೋಪವೂ ಒಂದು ಹಂತ. ನಮ್ಮ ಬರಹಗಳ ಪ್ರತಿ ಮಾಡಿ ಎಲ್ಲರಿಗೂ ಹಂಚುತ್ತಾರೆ ಎಂದು ಗೊತ್ತಿತ್ತು. ಅದು ನಿನ್ನ ಜೈಲಿನ ಊಟದ ಹಾಲಿಗೇ ಬರುತ್ತದೆಂದು ಖಂಡಿತ ಗೊತ್ತಿರಲಿಲ್ಲ. ಕನ್ನಡಕದವಳಿಗೆ ನೀನು ನನ್ನ ತಮ್ಮ ಎಂದು ತಿಳಿಯದು. ಅವಳ ತಪ್ಪಿಲ್ಲ. ಇಂಥ ಒಂದು ಬದುಕನ್ನು ಓದಿ ಹತ್ತು ಕೌನ್ಸೆಲರುಗಳು ಕಲಿತರೆ ನೂರು ಜನರಿಗೆ ಉಪಯೋಗವಾಗುತ್ತದೆ ಎಂದುಕೊಂಡೆ. ಅದು ಸುಳ್ಳಲ್ಲ.

ಇಷ್ಟು ಬರೆದು ಪೆನ್ನು ಕೆಳಗಿಟ್ಟೆ. ಈಗ ನನಗೂ ಕೋಪ ಬಂದಿದೆ. ಹೇಳಿಯೇ ಬಿಡುತ್ತೇನೆ. ಆ ಹನ್ನೊಂದು ದಿನ ಅಪ್ಪನ ಮಂಚದ ಪಕ್ಕ ಕೂತಿದ್ದವಳು ನಾನು. ಹದಿನೇಳು ವರ್ಷ ಕಂಡಕಂಡವರ ನೋವಿಗೆ ಔಷಧಿ ಕೊಟ್ಟವಳು, ನನ್ನಪ್ಪನಿಗೆ ಯಾಕೆ ನಾಟುತ್ತಿಲ್ಲ ಎಂದು ಡಾಕ್ಟರ ಮೇಲೆ ಕೂಗಾಡಿದೆ. ಎಣಿಸಿ ಎಣಿಸಿ ಕ್ಯಾಲ್ಸಿಯಂ ನುಂಗಿಸಿದ್ದು ನನ್ನ ಈ ಕೈ. ನೀನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನೀನು ಹೇಳಿ ಹಗುರಾದೆ, ನಾನು ಯಾರಿಗೆ ಹೇಳಲಿ? ಆ ಕಥೆ ನಿನ್ನೊಬ್ಬನದಲ್ಲ, ನನ್ನದೂ ಹೌದು. ಅದಕ್ಕೇ ಬರೆದೆ.

ಸಭೆ ಬಿಡಬೇಡ. ಜೂನ್ ಹತ್ತಿರ ಬಂತು.

ಅಕ್ಕ


ಏಪ್ರಿಲ್ ೨

ಕೋಪ ಒಂದು ಹಂತವಂತೆ. ಎಷ್ಟನೆಯದು ಎಂದು ತಿಳಿಸಿದ್ದರೆ ಅಲ್ಲೇ ಕೂತಿರುತ್ತಿದ್ದೆ.

ಕಥೆ ನಿನ್ನದೂ ಹೌದು ಎಂದೆ. ಒಪ್ಪಿದೆ. ಹಾಗಾದರೆ ಅದರಲ್ಲಿ ನೀನೆಲ್ಲಿ? ಒಂದು ಸಾಲಿನಲ್ಲಿ ಏಣಿಯಿಂದ ಬಿದ್ದ, ಮುಂದಿನ ಸಾಲಿನಲ್ಲೇ ಚಟಕ್ಕೆ ಬಿದ್ದ. ನಡುವೆ ಒಂದು ಇಡೀ ಪುಟ ಇತ್ತು, ಅಕ್ಕಾ. ಅಪ್ಪನ ಮಾತ್ರೆಯ ಬಣ್ಣ ನೆನಪಿಟ್ಟುಕೊಂಡವಳಿಗೆ ಅದು ಮರೆತುಹೋಯಿತೇ?

ಆ ಪುಟದಲ್ಲಿ ಏನಿತ್ತು ಎಂದು ನಾನು ಬರೆಯುವುದಿಲ್ಲ. ಈ ಕಾಗದವನ್ನು ನಿನಗಿಂತ ಮೊದಲು ಗುಮಾಸ್ತರು ಓದುತ್ತಾರೆ. ಕೋರ್ಟಿನಲ್ಲಿ ಕಟಕಟೆ ಹಿಡಿದು ನಿಂತಾಗಲೇ ಹೇಳದವನು ಈಗ ಹೇಳುತ್ತೇನೆಯೇ?

ಇನ್ನು ಬರೆಯಬೇಡ. ಭೇಟಿಗೂ ಬರಬೇಡ.


ಏಪ್ರಿಲ್ ೩೦

ತಮ್ಮಾ,

ಬೇಡ ಎಂದರೂ ಬಂದಿದ್ದೆ. ಬೆಂಚಿನ ಮೇಲೆ ಎರಡು ಗಂಟೆ ಕೂತ ಮೇಲೆ ವಾರ್ಡರ್ ಬಂದು, "ಬರಲ್ಲ ಅಂತಿದಾನಮ್ಮ. ನಾನೂ ಹೇಳಿ ನೋಡ್ದೆ" ಎಂದರು. ತಂದಿದ್ದ ಹೊಸ ಬೆನ್ನುಪಟ್ಟಿ ಅವರ ಕೈಗೆ ಕೊಟ್ಟು ಬಂದೆ. ತೊಡದಿದ್ದರೂ ಎಸೆಯಬೇಡ.

ಅಮ್ಮನಿಗೆ ನಿನಗೆ ಸ್ವಲ್ಪ ಜ್ವರ, ಅದಕ್ಕೇ ಮಾತಾಡಲಾಗಲಿಲ್ಲ ಎಂದೆ. "ನೀನು ನರ್ಸು, ಒಳಗೆ ಹೋಗಿ ನೋಡಬಾರದಿತ್ತಾ?" ಎಂದಳು.

ನೀನು ಕೇಳಿದ ಪುಟ ಬರೆಯಲು ಮೂರು ಸಲ ಕೂತೆ. ಆಗಲಿಲ್ಲ.

ಅಕ್ಕ


ಮೇ ೨೪

ತಮ್ಮಾ,

ಬರೆಯುತ್ತಿದ್ದೇನೆ. ಗುಮಾಸ್ತರು ಓದಲಿ.

ಸೋಮವಾರ ತರಗತಿಯಲ್ಲಿ ಇಬ್ಬಿಬ್ಬರ ಅಭ್ಯಾಸವಿತ್ತು. ಇನ್‌ಸ್ಪೆಕ್ಟರಿಗೆ ವ್ಯಸನಿಯ ಪಾತ್ರ, ನನಗೆ ಕೌನ್ಸೆಲರ್ ಪಾತ್ರ. ಯಾವಾಗ ಶುರುವಾಯಿತು, ಎಷ್ಟು ಬೇಕಾಗುತ್ತಿತ್ತು, ಮನೆಯಲ್ಲಿ ಯಾರಿದ್ದಾರೆ, ಎಲ್ಲ ಕೇಳಿದೆ. ಮುಗಿದ ಮೇಲೆ ಅವರು ಪಾತ್ರ ಬಿಟ್ಟು ಸಹಜವಾಗಿ, "ಏನಮ್ಮ, ಮೊದಲ ಸಲ ಯಾರು ಕೊಟ್ರು ಅಂತ ನೀವು ಕೇಳಲೇ ಇಲ್ವಲ್ಲ? ನಾನಾಗಿದ್ರೆ ಅದನ್ನೇ ಮೊದಲು ಕೇಳ್ತಿದ್ದೆ" ಎಂದರು.

"ನಾನೇ ಕೊಟ್ಟಿದ್ದು" ಎಂದೆ.

ಅವರು ಮತ್ತೆ ಪಾತ್ರ ಶುರುವಾಯಿತೆಂದುಕೊಂಡು ನಕ್ಕರು. ಆಮೇಲೆ ನನ್ನ ಮುಖ ನೋಡಿ ದೊಡ್ಡ ಮೇಡಂ ಅವರನ್ನು ಕರೆದರು.

ಕೇಸ್ ಏಳು ನನ್ನ ತಮ್ಮನೇ ಎಂಬುದರಿಂದ ಹಿಡಿದು ಎಲ್ಲವನ್ನೂ ಹದಿನೆಂಟು ಜನರ ಮುಂದೆ ಹೇಳಿದೆ. ಏಣಿಯಿಂದ ಬಿದ್ದು ನೀನು ಮನೆಯ ಹಿಂದಿನ ಕೋಣೆಯಲ್ಲಿ ಮಲಗಿದ್ದೆ. ನೋವಿನ ಇಂಜೆಕ್ಷನ್ ಸಾಕು, ಇನ್ನು ಮಾತ್ರೆ ಎಂದು ಡಾಕ್ಟರು ಬರೆದರು. ನೀನು ದಿಂಬು ಕಚ್ಚಿ ಹರಿದಿದ್ದೆ. ನನಗೆ ನೋಡಲಾಗಲಿಲ್ಲ. ವಾರ್ಡಿನ ರೋಗಿಗಳಿಗೆ ಕೊಟ್ಟೆನೆಂದು ರಿಜಿಸ್ಟರಿನಲ್ಲಿ ಬರೆದು, ಟಿಫಿನ್ ಡಬ್ಬಿಯಲ್ಲಿ ಇಂಜೆಕ್ಷನ್ ತಂದು ನಾನೇ ಚುಚ್ಚಿದೆ. ನಲವತ್ತೊಂದು ದಿನ. ಬೆನ್ನು ವಾಸಿಯಾದ ಮೇಲೂ ನೀನು ಕೇಳಿದೆ, ನಾನು ಕೊಟ್ಟೆ. ಎರಡು ಕೇಳಿದಾಗ ಎರಡು ಕೊಟ್ಟೆ. ಆಸ್ಪತ್ರೆಯಲ್ಲಿ ದಾಸ್ತಾನು ತಪಾಸಣೆ ಇದೆ ಎಂದು ಗೊತ್ತಾದ ದಿನ ಒಂದೇ ಏಟಿಗೆ ನಿಲ್ಲಿಸಿದೆ. ಹಾಗೆ ನಿಲ್ಲಿಸಬಾರದು, ಕ್ರಮೇಣ ಇಳಿಸಬೇಕು ಎಂದು ಗೊತ್ತಿತ್ತು. ನಡುಗುತ್ತಾ ನನ್ನ ಕಾಲು ಹಿಡಿದೆ ನೀನು. ನನಗೆ ಭಯವಾಗಿತ್ತು. ನಿನಗೇನಾಗುತ್ತದೋ ಎಂದಲ್ಲ, ನನಗೇನಾಗುತ್ತದೋ ಎಂದು. ಅದಾದ ಮೇಲೆ ನೀನು ಬೀದಿಗೆ ಹೋದೆ, ಅಪ್ಪನ ಡಬ್ಬಿಗೆ ಹೋದೆ, ಕೊನೆಗೆ ಔಷಧಿ ಕೋಣೆಗೆ ಹೋದೆ. "ಮೊದಲು ಎಲ್ಲಿ ಸಿಕ್ಕಿತು?" ಎಂದು ಜಡ್ಜ್ ಕೇಳಿದಾಗ ನನ್ನ ಕಡೆ ತಿರುಗಿಯೂ ನೋಡದೆ "ಬೀದೀಲಿ" ಎಂದೆ.

ಎಲ್ಲರೂ ತಲೆ ತಗ್ಗಿಸಿದ್ದರು. ದೊಡ್ಡ ಮೇಡಂ ಸಮಾಧಾನ ಮಾಡುತ್ತಾರೆ ಎಂದುಕೊಂಡಿದ್ದೆ. ಕೆಂಡವಾಗಿದ್ದರು.

"ಹೇಳಿ ಹಗುರ ಆದ್ರಾ? ಒಳಗಿರೋ ಮನುಷ್ಯನ ಗುಟ್ಟನ್ನ ಅವನನ್ನ ಒಂದು ಮಾತು ಕೇಳದೆ ಹಂಚಿದ್ರಿ. ನೀವು ಮಾತ್ರ ಅಲ್ಲ, ನಾನೂ ಹಂಚಿದೆ. ಒಪ್ಪಿಗೆ ಪತ್ರ ಎಲ್ಲಿ ಅಂತ ನಾನು ಕೇಳಬೇಕಿತ್ತು. ಚೆನ್ನಾಗಿ ಬರೆದಿದೀರಿ ಅಂತ ಖುಷಿಯಾಗಿ ಮರೆತೆ. ಥೂ, ಮೂವತ್ತು ವರ್ಷ ಏನು ಕಲಿಸಿದೆ ನಾನು!" ಎಂದು ಬೋರ್ಡಿನ ಮೇಲಿದ್ದುದನ್ನೆಲ್ಲ ಅಂಗೈಯಿಂದ ಒರೆಸಿಹಾಕಿದರು.

ನಿನ್ನೆ ಆಸ್ಪತ್ರೆಗೆ ಎಲ್ಲವನ್ನೂ ಬರವಣಿಗೆಯಲ್ಲಿ ಕೊಟ್ಟಿದ್ದೇನೆ. ಇನ್ನು ನೀನು ನನಗಾಗಿ ಬಾಯಿ ಮುಚ್ಚಿಕೊಂಡು ಇರಬೇಕಾಗಿಲ್ಲ. ಈಗಲಾದರೂ ಒಂದು ಸಾಲು ಬರೆ.

ಅಕ್ಕ


ಜೂನ್ ೫

ಅಕ್ಕಾ,

ಬರೆ ಎಂದೆ, ತಗೋ.

ಮತ್ತೆ ನನ್ನನ್ನು ಕೇಳಲಿಲ್ಲ! ಒಂದು ಸಲ ಕೇಳದೆ ನನ್ನ ಪಾಪ ಹಂಚಿದೆ. ಈಗ ಕೇಳದೆ ನನ್ನ ಪುಣ್ಯವನ್ನೂ ಹಂಚಿದೆ. ಏನು ಪುಣ್ಯ ಎನ್ನುತ್ತೀಯಾ? ಹುಟ್ಟಿದಾಗಿನಿಂದ ನಾನು ಮಾಡಿದ ಒಂದೇ ಒಂದು ನೆಟ್ಟಗಿನ ಕೆಲಸ ಆ ಸುಳ್ಳು. ಬೀದಿಯಲ್ಲಿ ಸಿಕ್ಕಿತು ಎಂದೆನಲ್ಲ, ಅದು. ಅಮ್ಮನ ಪಾಲಿಗೆ ಒಬ್ಬರಾದರೂ ನೆಟ್ಟಗೆ ಉಳಿಯಲಿ ಎಂದು ಎರಡೂವರೆ ವರ್ಷ ಅದನ್ನು ಹಲ್ಲು ಕಚ್ಚಿ ಹಿಡಿದಿದ್ದೆ. ಇಲ್ಲಿ ಮೈ ನಡುಗಿ ವಾಂತಿ ಮಾಡಿಕೊಳ್ಳುತ್ತಿದ್ದ ದಿನಗಳಲ್ಲಿ ಗೋಡೆ ನೋಡುತ್ತಾ, 'ಲೋ, ನೀನು ಪೂರ್ತಿ ಕೆಟ್ಟವನಲ್ಲ ಕಣೋ' ಎಂದು ನನಗೆ ನಾನೇ ಹೇಳಿಕೊಳ್ಳಲು ಇದ್ದದ್ದು ಅದೊಂದೇ. ಅದನ್ನೂ ಕಿತ್ತುಕೊಂಡೆ. ನಿನ್ನ ಮನಸ್ಸು ಹಗುರವಾಗಲಿ ಎಂದು!

ಮೊನ್ನೆ ಪೊಲೀಸರು ಹೇಳಿಕೆ ಬರೆದುಕೊಳ್ಳಲು ಬಂದಿದ್ದರು. "ಕೋರ್ಟಲ್ಲಿ ಸುಳ್ಳು ಹೇಳಿದೆಯಾ?" ಎಂದರು. ಹೂಂ ಎಂದೆ. ಜೂನ್ ಸಮಿತಿಯಿಂದ ನನ್ನ ಕಡತ ತೆಗೆದು ಡಿಸೆಂಬರಿಗೆ ಹಾಕಿದ್ದಾರೆ. ಆಗಲೂ ಖಾತ್ರಿಯಿಲ್ಲ. ಆರು ತಿಂಗಳು, ಅಕ್ಕಾ. ಆರು ತಿಂಗಳೆಂದರೆ ನಿನಗೆ ಕ್ಯಾಲೆಂಡರಿನ ಆರು ಹಾಳೆ.

ನೀನು ಮಾಡಿದ್ದು ಸರಿಯಾದ ಕೆಲಸವೇ ಇರಬಹುದು. ಸರಿಯಾದ ಕೆಲಸ ಮಾಡುವವರು ಇನ್ನೊಬ್ಬರ ಕಾಲು ತುಳಿದೇ ಮಾಡಬೇಕೆಂದು ನಿಮ್ಮ ತರಬೇತಿಯಲ್ಲಿ ಕಲಿಸುತ್ತಾರೆಯೇ? ನನ್ನ ವಿಷಯದಲ್ಲಿ ಯಾವತ್ತಾದರೂ, ಒಂದೇ ಒಂದು ದಿನ, ಮೊದಲು ನನ್ನನ್ನು ಕೇಳಿದ್ದೀಯಾ? ಸೂಜಿ ಚುಚ್ಚುವಾಗ ಕೇಳಲಿಲ್ಲ, ನಿಲ್ಲಿಸುವಾಗ ಕೇಳಲಿಲ್ಲ, ಬರೆಯುವಾಗ ಕೇಳಲಿಲ್ಲ, ಒಪ್ಪಿಕೊಳ್ಳುವಾಗಲೂ ಕೇಳಲಿಲ್ಲ. ಪ್ರೀತಿಯಂತೆ ಇದು!

ತಮ್ಮ


ಜೂನ್ ೨೫

ತಮ್ಮಾ,

ನೀನು ಬರೆದದ್ದು ನಿಜ, ಒಂದು ದಿನವೂ ಮೊದಲು ನಿನ್ನನ್ನು ಕೇಳಲಿಲ್ಲ. ಅದಕ್ಕೆ ನೆಪವಿಲ್ಲ.

ಆಸ್ಪತ್ರೆಯಲ್ಲಿ ಅಮಾನತು ಮಾಡಿದ್ದಾರೆ, ವಿಚಾರಣೆ ನಡೆಯುತ್ತಿದೆ. ತರಬೇತಿಯ ಪರೀಕ್ಷೆಗೂ ಈ ಸಲ ಕೂರಿಸುವುದಿಲ್ಲ. ಇದನ್ನು ನಿನ್ನ ಕನಿಕರಕ್ಕೆ ಬರೆಯುತ್ತಿಲ್ಲ. ಅಮ್ಮನಿಗೆ ಎಲ್ಲ ಹೇಳಿದೆ. ಮೂರು ದಿನದಿಂದ ನನ್ನೊಡನೆ ಮಾತಿಲ್ಲ. ತಟ್ಟೆ ಮಾತ್ರ ಮುಂದಿಟ್ಟು ಹೋಗುತ್ತಾಳೆ.

ಕೇಸ್ ಏಳರ ಹದಿನೆಂಟು ಪ್ರತಿಗಳನ್ನು ವಾಪಸ್ ತರಲು ಮನೆಮನೆ ತಿರುಗಿದೆ. ಕನ್ನಡಕದವಳು ಬಾಗಿಲಲ್ಲೇ ಅತ್ತಳು. ಇನ್‌ಸ್ಪೆಕ್ಟರ್ ತಮ್ಮ ಪ್ರತಿ ಕೊಡುವಾಗ, "ಇಷ್ಟು ವರ್ಷ ನಾನೂ ಎಷ್ಟೋ ಜನರ ಕಥೇನ ಅವರ ಬದಲು ನಾನೇ ಬರೆದು ಸಹಿ ಹಾಕಿಸ್ಕೊಂಡೆ" ಎಂದು ಒಳಗೆ ಹೋದರು. ದೊಡ್ಡ ಮೇಡಂ ಜೈಲರ್ ಸಾಹೇಬರಿಗೆ ಪತ್ರ ಬರೆದು ತಪ್ಪು ಸಂಸ್ಥೆಯದು, ನಿನ್ನ ಹಾಜರಿ ತಪ್ಪಿದ್ದನ್ನು ನಿನ್ನ ವಿರುದ್ಧ ಹಿಡಿಯಬಾರದು ಎಂದು ಕೇಳಿಕೊಂಡಿದ್ದಾರೆ. ಇನ್ನು ಮುಂದೆ ಆ ವ್ಯಕ್ತಿಯ ಸಹಿಯಿಲ್ಲದೆ ಯಾರ ಬದುಕೂ ತರಗತಿಗೆ ಬರುವ ಹಾಗಿಲ್ಲ.

ಹದಿನೆಂಟೂ ನನ್ನ ಮೇಜಿನ ಮೇಲಿವೆ. ಸುಡಬೇಕು ಎನಿಸಿತು. ಬೆಂಕಿಕಡ್ಡಿ ಗೀರುವ ಮೊದಲು ಕೈ ತಡೆಯಿತು.

ಇವನ್ನು ಏನು ಮಾಡಲಿ? ನೀನು ಹೇಳಿದ ಹಾಗೆ ಮಾಡುತ್ತೇನೆ. ಹೇಳದಿದ್ದರೆ ಹೀಗೇ ಇಟ್ಟಿರುತ್ತೇನೆ.

ಅಕ್ಕ


ಜುಲೈ ೧೨

ಅಕ್ಕಾ,

ನಿನ್ನ ಕೊನೆಯ ಪ್ರಶ್ನೆಯನ್ನು ಎರಡು ವಾರ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಕೇಳುವುದು ಕಲಿತೆಯಲ್ಲ, ಸಂತೋಷ. ತಡವಾಯಿತು ಎಂದೂ ಹೇಳಿಬಿಡುತ್ತೇನೆ.

ವಾರ್ಡರ್ ಕರೆದದ್ದಕ್ಕೆ ಈ ಗುರುವಾರ ಸಭೆಗೆ ಹೋಗಿ ಕೂತೆ, ಕನ್ನಡಕದವಳು ಬಂದಿದ್ದಳು. ಎಲ್ಲರ ಮುಂದೆ ನಿಂತು, "ನಾನು ಓದಿದ ಕಥೆ ಓದೋ ಹಕ್ಕು ನನಗಿರಲಿಲ್ಲ. ಅದೂ ಅರ್ಧ ಕಥೆ. ಯಾರನ್ನ ಹೀಯಾಳಿಸಿದ್ರೋ ಅವರ ಮುಂದೆ ನೀವೂ ನಿಲ್ಲಿ, ನಾನು ನಿಂತಿದೀನಿ" ಎಂದಳು. ಯಾರೂ ನಿಲ್ಲಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ನಾನೇ ಎದ್ದೆ. "ನನ್ನ ಕಥೆ ಬೇಕಾ? ನಾನೇ ಹೇಳ್ತೀನಿ, ಬಾಯಿ ಮುಚ್ಚಿಕೊಂಡು ಕೇಳಿ" ಎಂದೆ. ಕೂಗುತ್ತಾ ಹೇಳಿದೆ. ಅಪ್ಪನದು, ಏಣಿಯದು, ವಾಚ್‌ಮನ್‌ದು. ನಿನ್ನ ಸೂಜಿಯದನ್ನೂ ಹೇಳಿದೆ. ಈ ಸಲ ನಿನ್ನನ್ನು ಕೇಳಲಿಲ್ಲ. ಲೆಕ್ಕ ಚುಕ್ತಾ ಎಂದುಕೋ.

ಮತ್ತು ನಿನಗೂ ಗೊತ್ತಿಲ್ಲದ ಒಂದು ಮಾತು ಹೇಳಿದೆ. ಅಪ್ಪನಿಗೆ ಗೊತ್ತಿತ್ತು, ಅಕ್ಕಾ. ಐದನೆಯ ದಿನ ಮಧ್ಯಾಹ್ನ ನೀನು ಸ್ನಾನಕ್ಕೆ ಹೋಗಿದ್ದೆ. ಅಪ್ಪ ಮಾತ್ರೆಯನ್ನು ನಾಲಿಗೆಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡು, "ಇದು ಕಹಿ ಇಲ್ವಲ್ಲೋ" ಎಂದರು. ನನ್ನನ್ನೇ ನೋಡಿದರು. ಆಮೇಲೆ ಅದನ್ನೇ ಬಾಯಿಗೆ ಹಾಕಿಕೊಂಡು ನುಂಗಿದರು. ನಿನಗೆ ಹೇಳಲಿಲ್ಲ, ಅಮ್ಮನಿಗೆ ಹೇಳಲಿಲ್ಲ. ಇನ್ನೂ ಆರು ದಿನ ನರಳಿದರು. ಒಂದು ಬೈಗುಳ ಬೈಯಲಿಲ್ಲ. ನನ್ನ ಕೆನ್ನೆಗೆ ಬಾರಿಸಿದ್ದರೆ! ಅಂದೇ ಮನೆಯೆಲ್ಲ ಕೇಳುವ ಹಾಗೆ ಕೂಗಿದ್ದರೆ! ಅವರು ನನ್ನನ್ನು ಕಾಪಾಡಿದರು, ನಾನು ನಿನ್ನನ್ನು ಕಾಪಾಡಿದೆ, ನೀನು ನಿನ್ನನ್ನು ಕಾಪಾಡಿಕೊಂಡೆ. ನಮ್ಮ ಮನೆಯಲ್ಲಿ ಬೈಯಬೇಕಾದ ದಿನ ಯಾರೂ ಬೈಯಲಿಲ್ಲ. ನನಗೆ ಅಪ್ಪನ ಮೇಲೂ ಕೋಪವಿದೆ. ಸತ್ತವರ ಮೇಲೆ ಕೋಪ ಮಾಡಿಕೊಳ್ಳಬಾರದಂತೆ. ಮಾಡಿಕೊಂಡಿದ್ದೇನೆ.

ಮೇಷ್ಟ್ರು ಅದೇ ಸಂಜೆ ಹಾಸಿಗೆ ವಾಪಸ್ ತಂದು ಹಾಸಿದರು. "ಏನಾದ್ರೂ ಹೇಳಿ ಸಾರ್" ಎಂದು ಜಗಳ ತೆಗೆದೆ. "ನಿನ್ನ ಗೊರಕೆ ಇಲ್ಲದೆ ನಿದ್ದೆ ಬರ್ಲಿಲ್ಲ ಕಣೋ" ಎಂದರು.

ಈಗ ನಿನ್ನ ಪ್ರಶ್ನೆ. ಹದಿನೇಳನ್ನು ಸುಡು. ಒಂದನ್ನು ನನಗೆ ಕಳಿಸು. ತಪ್ಪಿದ್ದಲ್ಲಿ ಹೊಡೆದುಹಾಕುತ್ತೇನೆ, ಬಿಟ್ಟದ್ದನ್ನು ಸೇರಿಸುತ್ತೇನೆ. ನನ್ನ ಸೊಟ್ಟ ಅಕ್ಷರವನ್ನೇ ನಿಮ್ಮ ದೊಡ್ಡ ಮೇಡಂ ಓದಲಿ. ಕೆಳಗೆ ಎರಡು ಸಹಿ ಇರಬೇಕು, ನನ್ನದು ಮತ್ತು ನಿನ್ನದು. ಆಮೇಲೆ ಬೇಕಿದ್ದರೆ ನಿಮ್ಮ ತರಗತಿಗೆ ಕೊಡಿ.

ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ. ಇನ್ನೂ ಇಲ್ಲ. ಆದರೆ ಮುಂದಿನ ಭಾನುವಾರ ಬಾ, ಭೇಟಿಯ ಕಿಟಕಿಗೆ ಬರುತ್ತೇನೆ. ಅಮ್ಮನನ್ನೂ ಕರೆದುಕೊಂಡು ಬಾ. ಅವಳಿಗೂ ನಮ್ಮಿಬ್ಬರಿಗೆ ಹೇಳುವುದು ಬೇಕಾದಷ್ಟಿರುತ್ತದೆ. ಅಳುತ್ತಾ ಕೂರುವ ಹಾಗಿದ್ದರೆ ಬರಬೇಡಿ. ಕೊಡುವುದು ಇಪ್ಪತ್ತು ನಿಮಿಷ, ಮೂರು ಜನ ಬೈಯಬೇಕು.

ನಿನ್ನ ತಮ್ಮ